ಪಿಕಳಾರದ ಗೂಡಿಗೆ ಸ್ಟುಡಿಯೊ ಕೊಡೆ

ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೈಕಿನಲ್ಲಿ ಕೂಗಿ ಹೇಳುವ ಹೆಂಗಸಿಗೆ ಜನ ಇಟ್ಟ ಹೆಸರು ಮೈಕಮ್ಮ. ಅವಳ ಮುಖ ನೋಡಿದವರು ಕಡಿಮೆ, ದನಿ ಕೇಳದವರಿಲ್ಲ. ಗಂಡ ಅದೇ ಡಿಪೋದಲ್ಲಿ ಕಂಡಕ್ಟರ್. "ಡ್ಯೂಟೀಲೂ ಅವಳು ಹೇಳಿದ ಕಡೆ ಹೋಗ್ಬೇಕು, ಮನೇಲೂ ಅವಳು ಹೇಳಿದ ಕಡೆ ಹೋಗ್ಬೇಕು" ಎಂದು ಅವನು ಗೊಣಗುವುದುಂಟು. ಗೊಣಗುವ ಮುಂಚೆ ಮಾತ್ರ ಸುತ್ತ ಒಮ್ಮೆ ನೋಡಿಕೊಳ್ಳುತ್ತಾನೆ.

ಇಂಥವಳು ಬಾಯಿಗೆ ಬೀಗ ಹಾಕಿಕೊಳ್ಳುವುದು ಭಾನುವಾರ ಬೆಳಿಗ್ಗೆ ಮಾತ್ರ. ಆಗ ಅವಳೂ, ಟೈರ್ ಅಂಗಡಿ ಇಟ್ಟಿರುವ ಅವಳ ಭಾವನೂ, ನಿಲ್ದಾಣದ ಎದುರು ಸ್ಟುಡಿಯೊ ನಡೆಸುವ ಲೆನ್ಸಣ್ಣನೂ ಕಾಲುವೆ ದಂಡೆಯಲ್ಲಿ ಹಕ್ಕಿ ನೋಡಲು ಹೋಗುತ್ತಾರೆ. ಮೂವರಲ್ಲಿ ಪಂಡಿತರು ಯಾರೂ ಇಲ್ಲ. ಭಾವನಿಗೆ ದೂರದಲ್ಲಿ ಕೂತದ್ದೆಲ್ಲ ಗಿಡುಗವೇ. ಹತ್ತಿರ ಹೋದಾಗ ಎಷ್ಟೋ ಗಿಡುಗಗಳು ಪ್ಲಾಸ್ಟಿಕ್ ಚೀಲಗಳಾಗಿವೆ. ಕಂಡದ್ದನ್ನು ಫೋನಿನ ಗುಂಪಿಗೆ ಹಾಕುತ್ತಾರೆ. ಅಲ್ಲಿ ಇದೇ ಹುಚ್ಚಿನವರು ಇನ್ನಷ್ಟು ಜನ ಇದ್ದಾರೆ. ಗುಂಪಿಗೆ ಇರುವುದು ಒಂದೇ ಕಟ್ಟಳೆ: ಹಕ್ಕಿ ಕಂಡರೆ ಎಲ್ಲರಿಗೂ ಹೇಳು, ಗೂಡು ಕಂಡರೆ ಹೇಳಬೇಡ. ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ ಅನ್ನುವುದಾದರೆ ಜೊತೆಗೆ ನಡೆಯುವವರ ಕಿವಿಯಲ್ಲಿ ಹೇಳು.

ಮೈಕಮ್ಮ ಕಿವಿಯಲ್ಲೇ ಹೇಳಿದಳು. ಡಿಪೋದ ಹಿಂದೆ, ಹಳೆಯ ಬಸ್ ಸೀಟುಗಳ ರಾಶಿಯ ಪಕ್ಕದ ಬೇಲಿಗಿಡದಲ್ಲಿ, ಪಿಕಳಾರದ ಜೋಡಿ ಗೂಡು ಕಟ್ಟಿ ಮೂರು ಮರಿ ಮಾಡಿತ್ತು.

"ಪಿಕಳಾರಾನಾ?" ಭಾವ ನಕ್ಕ. "ನಾನೆಲ್ಲೋ ನವಿಲು ಅಂದ್ಕೊಂಡೆ. ನನ್ನಂಗಡಿ ಮುಂದೆ ದಿನಾ ಬರುತ್ತಲ್ಲ, ಜುಟ್ಟು ಬಿಟ್ಕೊಂಡು."

"ಬರುತ್ತೆ ಭಾವ. ನಿಮಗೆ ಮರಿ ತೋರ್ಸುತ್ತಾ?"

ಲೆನ್ಸಣ್ಣ ಏನೂ ಅನ್ನಲಿಲ್ಲ. ಬೆಲೆ ಕೇಳದೆ ಸುಮ್ಮನೆ ನಿಂತ ಗಿರಾಕಿಯ ಮೇಲೆ ಒಂದು ಕಣ್ಣಿಟ್ಟಿರಬೇಕು ಎಂಬುದು ಅಂಗಡಿಯ ಮೊದಲ ಪಾಠ. ಮೈಕಮ್ಮ ಅಂಗಡಿ ಇಟ್ಟವಳಲ್ಲ.

ಆ ವಾರದಲ್ಲೇ ಒಂದು ಮಧ್ಯಾಹ್ನ ಅವಳ ಫೋನು ಗುಂಯ್‌ಗುಟ್ಟಿತು. ಗುಂಪಿನಲ್ಲಿ ಲೆನ್ಸಣ್ಣನ ಫೋಟೊ: ಬಟ್ಟಲಿನಂಥ ಗೂಡು, ಅಗಲಕ್ಕೆ ತೆರೆದ ಮೂರು ಕೆಂಪು ಬಾಯಿ. ಕೆಳಗೆ, "ಪ್ರಕೃತಿಯ ಮಡಿಲಲ್ಲಿ ಪುಟ್ಟ ಗಾಯಕರು." ಚಪ್ಪಾಳೆ, ಹೃದಯ, ಹೂವುಗಳ ಸುರಿಮಳೆ. ಆ ಹೃದಯಗಳನ್ನೆಲ್ಲ ರಾಶಿ ಹಾಕಿದರೂ ಒಂದು ಕಡ್ಡಿಪೆಟ್ಟಿಗೆ ಬರುವುದಿಲ್ಲ, ಆದರೂ ಮನುಷ್ಯ ಅವಕ್ಕಾಗಿ ಏನು ಬೇಕಾದರೂ ಮಾರುತ್ತಾನೆ.

ಅವಳು ಚಿತ್ರವನ್ನು ಹಿಗ್ಗಿಸಿ ನೋಡಿದಳು. ಗೂಡಿನ ಮೇಲೆ ಚಾವಣಿಯಂತಿದ್ದ ಎಲೆಗಳೇ ಇರಲಿಲ್ಲ. ಮೂಲೆಯಲ್ಲಿ ಒಂದು ರೆಂಬೆಯ ತುದಿ, ಓರೆಯಾಗಿ ಕತ್ತರಿಸಿದ್ದು, ಬೆಳ್ಳಗೆ ಕಾಣುತ್ತಿತ್ತು. ಮರಿಗಳು ಹಾಡುತ್ತಲೂ ಇರಲಿಲ್ಲ. ನೆತ್ತಿಯ ಬಿಸಿಲಿಗೆ ಬಾಯಿ ಬಿಟ್ಟು ಏದುಸಿರು ಬಿಡುತ್ತಿದ್ದವು.

ಮೈಕನ್ನು ಜೊತೆಯವಳಿಗೆ ಒಪ್ಪಿಸಿ ಓಡಿದಳು. ಬೇಲಿಗಿಡ ಶಟರ್ ಎತ್ತಿದ ಅಂಗಡಿಯಂತೆ ತೆರೆದುಕೊಂಡಿತ್ತು. ಕತ್ತರಿಸಿದ ರೆಂಬೆಗಳನ್ನು ಲೆನ್ಸಣ್ಣ ಹಳೆಯ ಸೀಟಿನ ಕೆಳಗೆ ಒತ್ತಾಗಿ ಜೋಡಿಸಿಟ್ಟಿದ್ದ, ಅಚ್ಚುಕಟ್ಟಿಗೇನೂ ಕೊರತೆಯಿರಲಿಲ್ಲ. ವರ್ಕ್‌ಶಾಪಿನ ತಗಡಿನ ಮೇಲೆ ಒಂದು ಕಾಗೆ ಕೊಕ್ಕು ಒರೆಸಿಕೊಳ್ಳುತ್ತಿತ್ತು. ಗೂಡಿನಲ್ಲಿ ಎರಡೇ ಮರಿ.

ಅವಳ ಸಿಟ್ಟು ನೆತ್ತಿಗೇರಿತು. ಅಲ್ಲಿದ್ದ ಮೆಕ್ಯಾನಿಕ್‌ನ ಕೈಗೆ ಒಂದು ರಟ್ಟು ಕೊಟ್ಟು, "ನಾನು ಬರೋವರೆಗೂ ಕಾಗೆ ಈ ಕಡೆ ತಿರುಗಬಾರ್ದು" ಎಂದು ಹೇಳಿ ವಾಪಸು ಓಡಿದಳು. ಇಷ್ಟು ವರ್ಷದಲ್ಲಿ ಅವಳು ಮೈಕಿನಲ್ಲಿ ಸ್ವಂತದ್ದೊಂದು ಮಾತು ಆಡಿದವಳಲ್ಲ. ಗಂಡ ಊಟದ ಡಬ್ಬಿ ಮರೆತು ಬಸ್ಸು ಹತ್ತಿದಾಗಲೂ ಆಡಿರಲಿಲ್ಲ. ಅಂದು ಆಡಿದಳು.

"ಪ್ರಯಾಣಿಕರ ಗಮನಕ್ಕೆ. ಎದುರಿನ ಫೋಟೊ ಸ್ಟುಡಿಯೊದ ಮಾಲೀಕರು, ಹಕ್ಕಿಗೂಡಿನ ಮರೆ ಕತ್ತರಿಸಿದವರು, ತಮ್ಮ ಲೈಟಿನ ಕಪ್ಪು ಕೊಡೆಯೊಂದಿಗೆ ಡಿಪೋದ ಹಿಂಭಾಗಕ್ಕೆ ಕೂಡಲೇ ಬರತಕ್ಕದ್ದು."

ಸ್ಟೂಲಿನ ಮೇಲೆ ಗದ್ದ ಎತ್ತಿ ಕೂತಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಲೆನ್ಸಣ್ಣ ಬಂದ.

"ಏನಮ್ಮಾ ಇದು, ಊರಿಗೆಲ್ಲ ಕೇಳೋ ಹಾಗೆ! ನನ್ನ ಮರ್ಯಾದೆ..."

"ಅದು ಆಮೇಲೆ. ಕೊಡೆ ಬಿಚ್ಚಿ."

"ನಾಲ್ಕು ಕಡ್ಡಿ ತೆಗೆದೆ, ಅಷ್ಟೇ. ಬೆಳಕೇ ಇರ್ಲಿಲ್ಲ. ಆ ಕತ್ತಲಲ್ಲಿ ಏನು ಕಾಣುತ್ತೆ?"

"ಕಾಣಬಾರ್ದು ಅಂತಾನೇ ರೀ ಅದು ಅಲ್ಲಿ ಕಟ್ಟಿದ್ದು! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಆ ಬೆಕ್ಕಾದ್ರೂ ಹಸಿದಿರುತ್ತೆ. ನಿಮಗೇನಾಗಿತ್ತು? ನಿಮ್ಮ ಮೊಮ್ಮಗುವಿನ ತೊಟ್ಟಿಲ ಮೇಲಿನ ಸೂರು ಕಿತ್ತು, ಅದು ಅಳೋದನ್ನ ಹಾಡು ಅಂತ ಬರೀತೀರಾ?"

ಅವನು ಗೂಡಿನೊಳಗೆ ಇಣುಕಿದ. ಎಣಿಸಲು ಹೊತ್ತು ಬೇಕಾಗಲಿಲ್ಲ. ಅಲ್ಲಿಂದ ಮುಂದೆ ಮರ್ಯಾದೆಯ ಮಾತು ಎತ್ತಲಿಲ್ಲ. ಉದ್ದದ ಕೋಲಿಗೆ ಕೊಡೆ ಸಿಕ್ಕಿಸಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ.

ಮೈಕಿನ ಮಾತು ಟೈರ್ ಅಂಗಡಿಗೂ ಮುಟ್ಟಿತ್ತು. ಭಾವ ತಂತಿ, ಇಕ್ಕಳ ತಂದು, ತುಂಡಾದ ರೆಂಬೆಗಳನ್ನು ಒಂದೊಂದಾಗಿ ಗಿಡಕ್ಕೆ ಕಟ್ಟತೊಡಗಿದ. ಎಲೆಗಳು ಆಗಲೇ ಜೋತುಬಿದ್ದಿದ್ದವು.

"ಇವು ನಾಳೆಗೆ ಬಾಡ್ತವೆ," ಎಂದ.

"ನಾಳೆ ಬೇರೆ ತಂದು ಕಟ್ಟೋಣ. ಮರಿ ಹಾರೋವರೆಗೂ ಕಟ್ಟೋಣ. ಇವ್ರು ದಿನಾ ಬರ್ತಾರೆ."

"ದಿನಾನಾ?" ಲೆನ್ಸಣ್ಣನ ಕೊಡೆ ವಾಲಿತು. "ಈಗ್ಲೇ ಕೈ ಸೋಲ್ತಿದೆ."

"ಗಿರಾಕಿಗಳಿಗೆ ಹೇಳ್ತೀರಲ್ಲ, ಉಸಿರು ಬಿಗಿಹಿಡೀರಿ, ಅಲ್ಲಾಡ್ಬೇಡಿ ಅಂತ. ಈಗ ನೀವೂ ಅಲ್ಲಾಡ್ಬೇಡಿ."

ಕರೆಂಟಿನ ತಂತಿಯ ಮೇಲೆ ಕೂತು ಬಯ್ಯುತ್ತಿದ್ದ ತಾಯಿ ಪಿಕಳಾರ ಬಹಳ ಹೊತ್ತು ಅನುಮಾನಿಸಿತು. ಕೊನೆಗೆ ಕೊಕ್ಕಿನಲ್ಲಿ ಹುಳು ಹಿಡಿದು, ಕಪ್ಪು ಕೊಡೆಯ ನೆರಳಿಗೆ ನುಗ್ಗಿತು. ಎರಡು ಬಾಯಿಗಳು ಒಟ್ಟಿಗೇ ಎದ್ದವು.

"ಅಯ್ಯೋ, ಎಂಥಾ ಶಾಟು!" ಎಂದು ಲೆನ್ಸಣ್ಣ ಪಿಸುಗುಟ್ಟಿದ. "ಯಾರಾದ್ರೂ ನನ್ನ ಫೋನಲ್ಲಿ..."

ಮೈಕಮ್ಮ ಅವನ ಅಂಗಿ ಜೇಬಿನಿಂದ ಫೋನು ತೆಗೆದಳು. ಅವನ ಮುಖ ಅರಳಿತು. ಅವಳು ಗುಂಪನ್ನು ತೆರೆದು, ದನಿ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು, ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಳು.

"ಕಂಡಿದ್ದನ್ನ ಹಂಚ್ಕೊಳ್ಳೋದು ಅಂದ್ರೆ ಪೂರ್ತಿ ಹಂಚ್ಕೋಬೇಕು. ಹೇಳಿ."

ಅವನು ಭಾವನ ಕಡೆ ನೋಡಿದ. ಭಾವ ತಂತಿಯ ಗಂಟನ್ನು ಇನ್ನಷ್ಟು ಬಿಗಿ ಮಾಡುವುದರಲ್ಲಿ ಮುಳುಗಿದ್ದ.

"ಎಲ್ಲರಿಗೂ ನಮಸ್ಕಾರ," ಎಂದು ಲೆನ್ಸಣ್ಣ ಗಂಟಲು ಸರಿಮಾಡಿಕೊಂಡ. "ಆ ಫೋಟೊದಲ್ಲಿ ಮರಿಗಳು ಹಾಡ್ತಾ ಇರ್ಲಿಲ್ಲ. ಬಿಸಿಲಿಗೆ ಬಾಯಿ ಬಿಟ್ಟಿದ್ವು. ಮರೆ ಕತ್ತರಿಸಿದ್ದು ನಾನೇ. ಆಗ ಮೂರಿದ್ವು. ಈಗ ಎರಡಿವೆ."

ಪಕ್ಕದ ಶೆಡ್ಡಿನಲ್ಲಿ ಒಂದು ಬಸ್ಸು ಗುಡುಗಿ ಹೊರಟಿತು.

"ಕಡೇ ಮಾತು ಇನ್ನೊಂದ್ಸಲ ಹೇಳಿ," ಎಂದಳು ಮೈಕಮ್ಮ. "ಬಸ್ಸಿನ ಸದ್ದಿಗೆ ಕೇಳಿಸ್ಲಿಲ್ಲ."