ಬಂದೂಕಿಗೆ ಹಣಿ ಇಲ್ರಿ

ಮಾನಪ್ಪ ಬಡಿಗೇರರ ಅಂಗಡಿಗೆ ಬಂದೂಕನ್ನು ದುರಸ್ತಿಗೆ ಒಯ್ದವರು ಮೊದಲ ದಿನ ಪೆಚ್ಚಾಗುತ್ತಿದ್ದರು. ಮಾನಪ್ಪನವರು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅಂಗೈ ಚಾಚಿ, "ಕಾಗದ ತಂದೀರೇನು?" ಎನ್ನುತ್ತಿದ್ದರು. ಲೈಸೆನ್ಸ್ ಮುಂದೆ ಹಿಡಿದರೆ, "ಅದು ಸರಕಾರದ ಕಾಗದ ಆತು. ಗುಂಡು ಬಿದ್ದ ಕಾಗದ ಎಲ್ಲದ?" ಗುರಿಯ ಹಾಳೆ, ಅದರ ಮೇಲಿನ ತೂತುಗಳು, ಅವು ಬಿದ್ದ ಸರದಿ. ಇಷ್ಟಿಲ್ಲದೆ ಬಂದವರು ಎಂಥ ದೊಡ್ಡವರೇ ಆಗಲಿ, ಚಹಾ ಕುಡಿಸಿ ವಾಪಸು ಕಳಿಸುತ್ತಿದ್ದರು.

ಬಿಬವೇವಾಡಿಯಲ್ಲಿ ಹಿಟ್ಟಿನ ಗಿರಣಿಯ ಪಕ್ಕಕ್ಕೆ ಅವರ ಅಂಗಡಿ. ಹುಟ್ಟಿದ್ದು ವಿಜಯಪುರದ ಕಡೆ, ಬಡಿಗರ ಮನೆತನ. ಬಂದೂಕು ಕೆಟ್ಟರೆ ಕಬ್ಬಿಣಕ್ಕಿಂತ ಅದರ ಕಟ್ಟಿಗೆಯ ಮೇಲೆಯೇ ಅವರಿಗೆ ಅನುಮಾನ ಹೆಚ್ಚು. ಗಿರಾಕಿಗಳೊಡನೆ ಮರಾಠಿ, ನನ್ನೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ.

ಒಮ್ಮೆ ಶಿರೂರಿನ ಜಮೀನುದಾರರೊಬ್ಬರು ಬಂದಿದ್ದರು. ಗುರಿ ತಪ್ಪುತ್ತಿದೆಯೆಂದು ಒಂದೇ ವಾರದಲ್ಲಿ ಹೊಸ ದುರ್ಬೀನು, ಹೊಸ ತೋಟಾ, ಹೊಸ ಹಿಡಿಕೆ ಎಲ್ಲ ಹಾಕಿಸಿಕೊಂಡಿದ್ದರು. ಮಾನಪ್ಪನವರು ದುರ್ಬೀನನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಅದು ಅಲ್ಲಾಡಿತು. ಜಮೀನುದಾರರಿಗೆ ಮರಾಠಿಯಲ್ಲಿ ತಿಳಿಹೇಳಿ ಕಳಿಸಿದ ಮೇಲೆ ನನ್ನ ಕಡೆ ತಿರುಗಿದರು. "ಮೂರು ಔಷಧ ಒಮ್ಮೆಲೇ ನುಂಗಿದ್ರ ಯಾವುದು ತಾಗ್ತು, ಯಾವುದು ಬಾಧಿಸ್ತು, ಹೆಂಗ ತಿಳೀಬೇಕ್ರಿ? ಒಂದು ಸಲಕ್ಕ ಒಂದೇ ಬದಲಿ ಮಾಡಬೇಕು. ಅದು ಅಲ್ಲ ಅಂತ ಖಾತ್ರಿ ಆದಮ್ಯಾಲೆ ಮುಂದಿಂದು."

ನನ್ನ ಸಮಸ್ಯೆ ಅದಕ್ಕಿಂತ ದೊಡ್ಡದೆಂದು ನಾನು ತಿಳಿದಿದ್ದೆ. ನಾನು ಬಟ್ಟೆ ವ್ಯಾಪಾರಿ. ನನ್ನ ಬಳಿ ಇದ್ದದ್ದು ಅಪ್ಪನ ಬೇಟೆಯ ರೈಫಲ್. ಬೇಟೆ ಎಂದೋ ನಿಂತುಹೋಗಿ, ಈಗ ಅದು ಕ್ಲಬ್ಬಿನಲ್ಲಿ ಕಾಗದಕ್ಕಷ್ಟೇ ಗುಂಡು ಹೊಡೆಯುತ್ತದೆ. ಕೊಡುವಾಗ ಅಪ್ಪ ಒಂದು ಮಾತು ತೆಗೆದುಕೊಂಡಿದ್ದರು: ಕೈ ಸೋತ ದಿನ ಬಂದೂಕು ಬಿಟ್ಟುಬಿಡಬೇಕು. ನನ್ನ ಐವತ್ತೆರಡನೇ ವಯಸ್ಸಿಗೆ ಆ ದಿನ ಬಂತೆಂದುಕೊಂಡೆ. ಮೊದಲೆರಡು ಗುಂಡು ಒಟ್ಟಿಗೆ ನಡುವಿಗೆ ಬೀಳುತ್ತಿದ್ದವು, ಆಮೇಲಿನವು ಎತ್ತಲೋ. ಲೈಸೆನ್ಸ್ ಬಿಟ್ಟುಕೊಡುವ ಅರ್ಜಿಯನ್ನೂ ಬರೆದು ಕಿಸೆಯಲ್ಲಿಟ್ಟುಕೊಂಡೇ ಮಾನಪ್ಪನವರ ಬಳಿ ಹೋದೆ.

ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಯಾರಂದ್ರು ಕೈ ಸೋತದ ಅಂತ? ಕೈ ಸೋತ್ರ ಗುಂಡು ಜೋಳ ಚೆಲ್ಲಿದಂಗ ಎಲ್ಲಾ ಕಡೆ ಬೀಳ್ತಾವ. ಇವು ನೋಡ್ರಿ, ಮೂರನೇದು, ನಾಕನೇದು, ಐದನೇದು, ಸಾಲು ಹಿಡಿದು ಬಲಕ್ಕ, ಮ್ಯಾಲಕ್ಕ ಹೊಂಟಾವ. ನಳಗಿ ಬಿಸಿ ಆದಂಗ ಏನೋ ಅದನ್ನ ಒಂದು ಕಡೆ ನೂಕಲಿಕತ್ತದ."

ಅಷ್ಟು ಹೇಳಿದರೂ ಅವಸರ ಮಾಡಲಿಲ್ಲ. ತಳದ ತಿರುಪುಗಳನ್ನು ನೋಡಿದರು, ಬಿಗಿಯಾಗಿದ್ದವು. ನಳಿಗೆಯ ಬಾಯಿಯ ಸುತ್ತ ಅರಳೆ ಸವರಿದರು. ಒಂದೆಳೆಯೂ ಸಿಕ್ಕಿಕೊಳ್ಳದಿದ್ದರಿಂದ ಅಲ್ಲಿ ಏಟು ಬಿದ್ದಿಲ್ಲವೆಂದಾಯಿತು. ಕೊನೆಗೆ ನಳಿಗೆಗೂ ಕಟ್ಟಿಗೆಗೂ ನಡುವಿನ ಸಂದಿಯಲ್ಲಿ ಒಂದು ಕಾಗದದ ಪಟ್ಟಿ ತೂರಿಸಿ ಹಿಂದಕ್ಕೆಳೆದರು. ಸರಾಗ ಹೋಗಬೇಕಾದ ಪಟ್ಟಿ ಅರ್ಧಕ್ಕೇ ಸಿಕ್ಕಿಕೊಂಡಿತು. "ಹಾಂ!" ಎಂದರು. ಕಟ್ಟಿಗೆ ಬಿಚ್ಚಿದರೆ ಒಳಗೆ ಕಲ್ಲಿನಂತೆ ಗಟ್ಟಿಯಾದ ಹಳದಿ ಗಂಟು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಖಂಡೋಬ ನಮ್ಮ ಮನೆದೇವರು. ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಬಂದೂಕಿಗೆ ಎಣ್ಣೆ ಸವರಿ, ಜೇಜುರಿಯಿಂದ ತಂದ ಭಂಡಾರದ ಅರಿಷಿಣವನ್ನು ಕೈತುಂಬ ಹಚ್ಚುತ್ತಿದ್ದವನು ನಾನೇ. ಆ ಅರಿಷಿಣ ಎಣ್ಣೆಯ ಜೊತೆ ವರ್ಷವರ್ಷವೂ ಸಂದಿಗಿಳಿದು ಕೂತಿತ್ತು.

ಮಾನಪ್ಪನವರು ನಗಲಿಲ್ಲ. ಗಂಟನ್ನು ಚಾಕುವಿನಿಂದ ಮೆಲ್ಲಗೆ ಎಬ್ಬಿಸಿ, ಚೂರು ಪುಡಿ ತೆಗೆದು ತಮ್ಮ ಹಣೆಗೆ ಹಚ್ಚಿಕೊಂಡರು. ಆಮೇಲೆ ಬೈದರು.

"ಭಕ್ತಿ ಭಾಳ ಆತ್ರಿ ನಿಮಗ! ಭಂಡಾರ ನಿಮ್ಮ ಹಣಿಗೆ ಹಚ್ಕೋರಿ. ಬಂದೂಕಿಗೆ ಹಣಿ ಇಲ್ರಿ. ಮನಸ್ಸು ತಡಿಯೂದಿಲ್ಲ ಅಂದ್ರ ಬಂದೂಕಿನ ಚೀಲಕ್ಕ ಹಚ್ರಿ."

ಆ ಭಾನುವಾರ ಕ್ಲಬ್ಬಿನಲ್ಲಿ ಐದು ಗುಂಡೂ ಅಂಗೈಯಗಲದೊಳಗೆ ಬಿದ್ದವು. ಅರ್ಜಿಯನ್ನು ಅಲ್ಲಿಯೇ ಹರಿದು ಹಾಕಿದೆ. ಕಣ್ಣಲ್ಲಿ ನೀರು ಬಂದದ್ದನ್ನು ಯಾರಿಗೂ ಹೇಳಿಲ್ಲ, ಈಗ ಹೇಳುತ್ತಿದ್ದೇನೆ.

ಅದಾಗಿ ಏಳೆಂಟು ವರ್ಷ ಕಳೆದು, ಹೋದ ಬೇಸಿಗೆಯಲ್ಲಿ ತಳದ ತಿರುಪು ಸಡಿಲಾಯಿತೆಂದು ಒಯ್ದೆ. ಮಾನಪ್ಪನವರು ಸ್ಕ್ರೂಡ್ರೈವರ್ ಹಚ್ಚಿದರು, ಜಾರಿತು. ಇನ್ನೊಂದು ತೆಗೆದುಕೊಂಡರು; ಜಾರಿತು. ಬಾಗಿಲ ಬೆಳಕಿಗೆ ಸ್ಟೂಲು ಎಳೆದುಕೊಂಡು ನೋಡಿದರು. ಕನ್ನಡಕ ಬದಲಿಸಿ ನೋಡಿದರು. ಒಂದು ಸಲಕ್ಕೆ ಒಂದೇ. ನಂತರ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು ಬಲಗೈಯನ್ನು ಬೇರೆಯವರದೆಂಬಂತೆ ನೋಡಿದರು.

"ಎಲ್ಲಾ ತಪಾಸ ಮಾಡಿದೆ. ಇನ್ನ ಇದೊಂದೇ ಉಳೀತ್ರಿ."

ಅವರ ದನಿಯಲ್ಲಿ ಅಳುಕಿರಲಿಲ್ಲ, ಗಿರಾಕಿಗೆ ಹೇಳುವಂತೆಯೇ ಹೇಳಿದರು. "ಅಲ್ಲರೀ ಕಾಕಾ, ತಪ್ಪು ಕೈಯದಲ್ಲ" ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಆದರೆ ತೋರಿಸಲು ನನ್ನ ಹತ್ತಿರ ಯಾವ ಹಳದಿ ಗಂಟೂ ಇರಲಿಲ್ಲ.

"ನೀವು ತಿರುಗಿಸ್ರಿ, ನಾ ಹೇಳ್ತೀನಿ," ಎಂದರು. ತಿರುಗಿಸಿದೆ. ಅವರು ಕಣ್ಣು ಮುಚ್ಚಿ, ಕಿವಿಯನ್ನು ಕಟ್ಟಿಗೆಯ ಹತ್ತಿರ ತಂದು ಕೇಳಿಸಿಕೊಂಡರು. "ಸಾಕು. ಇನ್ನ ಒಂದೆಳಿ ಹೋದ್ರ ಕಟ್ಟಿಗಿಗೆ ನೋವಾಗ್ತದ." ಹೊರಡುವಾಗ ಆ ಸ್ಕ್ರೂಡ್ರೈವರನ್ನು ನನ್ನ ಚೀಲದಲ್ಲಿಟ್ಟರು. ಅದರ ಸಾಗವಾನಿ ಹಿಡಿ ಅವರೇ ಕೆತ್ತಿದ್ದು.

ಶ್ರಾವಣದಲ್ಲಿ ಮಾನಪ್ಪನವರು ತೀರಿಕೊಂಡರು. ಈ ಖಂಡೇನವಮಿಗೂ ಅವರು ಹೇಳಿದಂತೆ ಭಂಡಾರವನ್ನು ಚೀಲಕ್ಕಷ್ಟೇ ಹಚ್ಚಿದೆ. ಆಮೇಲೆ ಸ್ಕ್ರೂಡ್ರೈವರಿಗೂ ಹಚ್ಚಿದೆ, ಕೈತುಂಬ. ಹಿಡಿಯ ಸಂದಿಗಿಳಿದು ಗಂಟು ಕಟ್ಟಿದರೆ ಕಟ್ಟಲಿ.