ಹತ್ತು ನಿಮಿಷ ಮುಂದಿದ್ದ ಟೈಂಪೀಸ್

ಕಳೆದ ಭಾನುವಾರ ಷೋಕೇಸ್ ಒರೆಸುವಾಗ ಬೊಂಬೆಗಳ ಹಿಂದೆ ಆ ಟೈಂಪೀಸ್ ಸಿಕ್ಕಿತು. ಹಸಿರು ಬಣ್ಣ, ಎರಡು ಗಿಡ್ಡ ಕಾಲು, ಬೆನ್ನಿಗೆ ಚಿಟ್ಟೆಯ ರೆಕ್ಕೆಯಂಥ ಕೀ. ಮೂರು ಸುತ್ತು ತಿರುಗಿಸಿದೆ. ಕೆಟ್ಟಿದೆ ಅಂದುಕೊಂಡಿದ್ದು ಟಕ್ ಟಕ್ ಎಂದು ಶುರುವಾಯಿತು. ಆ ಸದ್ದಿಗೆ ಮೊದಲು ನೆನಪಾದದ್ದು ಮಧ್ಯಾಹ್ನ ಎರಡೂವರೆಯ ಬಿಸಿಲು, ಎಳೆದ ಪರದೆ, ಚಾಪೆಯ ಮೇಲೆ ಅಪ್ಪನ ಗೊರಕೆ… ಆಮೇಲೆ ಕೆಳಗಿನ ಮನೆಯ ಅಜ್ಜಿ.

ಮೊದಲ ಲಾಕ್‌ಡೌನಿನ ವರ್ಷದ ಡೈರಿ ಹುಡುಕಿ ತೆಗೆದೆ. ನಾನಾಗ ದ್ವಿತೀಯ ಪಿಯುಸಿ. ಎಲ್ಲ ಪರೀಕ್ಷೆ ಮುಗಿದು ಇಂಗ್ಲಿಷ್ ಒಂದೇ ಬಾಕಿ ಉಳಿದಿತ್ತು. ಅದು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಮಾಡಲು ಬೇರೇನೂ ಇಲ್ಲದೆ ಪುಟಕ್ಕೆ ಗೆರೆ ಎಳೆದು ಐದು ಕಲಂ ಮಾಡಿದ್ದೆ: ದಿನ, ಸಿನಿಮಾ, ಶುರುವಾದ ಹೊತ್ತು, ಯಾರು ನಿದ್ದೆ ಹೋದರು, ಯಾರು ಕೊನೆಯವರೆಗೆ ಇದ್ದರು. ನಿದ್ದೆಯ ಕಲಂನಲ್ಲಿ ಹೆಚ್ಚುಕಡಿಮೆ ಎಲ್ಲ ದಿನವೂ ಅಪ್ಪನ ಹೆಸರೇ ಇದೆ.

ಗೋವಿಂದರಾಜನಗರದ ನಮ್ಮ ಕಟ್ಟಡದಲ್ಲಿ ಇರುವುದು ಎರಡೇ ಮನೆ. ಮೇಲೆ ಬಾಡಿಗೆಗೆ ನಾವು ಮೂವರು, ಕೆಳಗೆ ಓನರ್ ಅಜ್ಜಿ ಮತ್ತು ತಾತ. ತಾತ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕೆಳಗಿನ ಟಿ.ವಿ. ಅವರದು, ಬೆಳಗಿನಿಂದ ನ್ಯೂಸ್. ಊಟವಾದ ಮೇಲೆ ಅವರು ಮಲಗುತ್ತಿದ್ದರು, ಐದಕ್ಕೆ ಎದ್ದು ಕಾಫಿ ಕುಡಿಯುತ್ತಿದ್ದರು. ಲಾಕ್‌ಡೌನಿನ ಮೊದಲ ಮೂರು ದಿನ ಅಜ್ಜಿ ಮೆಟ್ಟಿಲ ಕೆಳಗೆ ನಿಂತೇ ಮಾತಾಡಿದರು. ನಾಲ್ಕನೇ ದಿನ ಅಮ್ಮ ಕರೆದಳು: "ಎರಡು ಮನೆಯವ್ರೂ ಗೇಟ್ ದಾಟ್ತಿಲ್ಲ, ಇನ್ನೆಂಥ ದೂರ? ಬನ್ನಿ ಆಂಟಿ, ಸಿನಿಮಾ ನೋಡೋಣ."

ಅಜ್ಜಿ ಬಂದರು. ಬಾಯಿಗೆ ಸೆರಗು, ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಟೈಂಪೀಸ್. ಅದನ್ನು ಟಿ.ವಿ. ಪಕ್ಕದಲ್ಲಿ ತಮಗೆ ಕಾಣುವಂತೆ ಇಟ್ಟರು.

"ಇದೇನ್ ಆಂಟಿ, ಅಲಾರಂ ಇಟ್ಕೊಂಡು ಸಿನಿಮಾನಾ?"

"ನಿಮ್ಮನೆ ಗಡಿಯಾರ ನಿಂತಿದೆಯಲ್ಲ ಕಣೇ."

ಅದು ನಿಜವೇ. ಗೋಡೆ ಗಡಿಯಾರದ ಸೆಲ್ ತೆಗೆದು ರಿಮೋಟಿಗೆ ಹಾಕಿದ್ದೆವು, ಹೊಸದು ತರಲು ಅಂಗಡಿ ತೆರೆದಿರಲಿಲ್ಲ. ಆದರೆ ಟೈಂಪೀಸಿಗೆ ಕಾರಣ ಅದಲ್ಲ ಎಂದು ಆ ಸಂಜೆಯೇ ತಿಳಿಯಿತು. ಕೊಲೆ ಮಾಡಿದವನು ಯಾರೆಂದು ಇನ್ನೇನು ಗೊತ್ತಾಗಬೇಕು, ಮುಳ್ಳು ನಾಲ್ಕೂ ಮುಕ್ಕಾಲಕ್ಕೆ ಬಂತು. ಅಜ್ಜಿ ಎದ್ದು ಟೈಂಪೀಸ್ ಸುತ್ತಿಕೊಂಡು ಹೊರಟುಬಿಟ್ಟರು. ಮರುದಿನವೂ ಹಾಗೆಯೇ, ಅದರ ಮರುದಿನವೂ. ಬಿಟ್ಟುಹೋದ ಭಾಗವನ್ನು ಬೆಳಿಗ್ಗೆ ತೋರಿಸುತ್ತೇನೆ ಎಂದರೆ, "ನಿನ್ನೆ ಸಿನಿಮಾ ನಿನ್ನೆಗೇ ಮುಗೀತು" ಎನ್ನುತ್ತಿದ್ದರು. ಏಳನೇ ದಿನ ಮೆಟ್ಟಿಲ ಮೇಲೆ ಅಡ್ಡ ನಿಂತು ಕೇಳಿದೆ.

"ಅಭ್ಯಾಸ ಕಣೇ, ಲೆಕ್ಕದ ಮೇಡಂ." ನನ್ನ ಡೈರಿ ನೋಡಿದ ದಿನದಿಂದ ಅವರು ನನ್ನನ್ನು ಹಾಗೆ ಕರೆಯುತ್ತಿದ್ದರು. ಮದುವೆಯಾದ ಹೊಸತರಲ್ಲಿ ವಠಾರದ ಇಬ್ಬರು ಗೆಳತಿಯರ ಜೊತೆ ಮಾಗಡಿ ರಸ್ತೆಯ ಟಾಕೀಸಿಗೆ ಎರಡೂವರೆಯ ಆಟಕ್ಕೆ ಹೋಗುತ್ತಿದ್ದರಂತೆ. ತಾತನ ಕಾರ್ಖಾನೆಯ ಸೈರನ್ ನಾಲ್ಕೂವರೆಗೆ. ಸೈಕಲ್ಲಿನಲ್ಲಿ ಐದಕ್ಕೆ ಮನೆ. ಅಷ್ಟರಲ್ಲಿ ಸೀರೆ ಬದಲಿಸಿ, ಕಾಫಿ ಆಗಿರಬೇಕು. ಕೈಗಡಿಯಾರ ಇರಲಿಲ್ಲ. ಅದಕ್ಕೆ ಟೈಂಪೀಸನ್ನೇ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುವುದು, ಪಕ್ಕದವರಿಗೆ ಸದ್ದು ಕೇಳದಿರಲಿ ಎಂದು ಟವೆಲ್ ಸುತ್ತುವುದು. ಎಡವಟ್ಟಾಗದಿರಲಿ ಎಂದು ಮುಳ್ಳನ್ನು ಹತ್ತು ನಿಮಿಷ ಮುಂದಿಟ್ಟಿದ್ದರು. ಅದು ಮುಕ್ಕಾಲು ತೋರಿಸಿದರೆ ಎದ್ದುಬಿಡುವುದು.

"ತಾತ ಬೈತಿದ್ರಾ?"

"ಅಯ್ಯೋ, ಅವರೆಲ್ಲಿ ಬೈತಾರೆ. ಮೊದಲ್ನೇ ಸಲ ಹೇಳ್ದೆ ಹೋಗಿದ್ದೆ. ಆಮೇಲೆ ಹೇಳೋಕೆ ಆಗ್ಲಿಲ್ಲ."

"ಹಂಗಾದ್ರೆ ಒಂದ್ ಸಿನಿಮಾದ ಕೊನೇನೂ ನೋಡಿಲ್ವಾ?"

"ಕೊನೇಲಿ ಏನಿರತ್ತೆ? ಎಲ್ಲಾ ಸಾಲಾಗಿ ನಿಂತ್ಕೊಂಡು ನಗ್ತಾರೆ." ಟವೆಲನ್ನು ಇನ್ನೊಂದು ಸುತ್ತು ಸುತ್ತಿ, "ಒಂದನ್ನ ಬಿಟ್ಟು" ಎಂದರು.

ಅದೊಂದು ಕಪ್ಪುಬಿಳುಪಿನ ಸಿನಿಮಾ. ಹೆಸರು ಮರೆತಿದ್ದರು. ತಪ್ಪು ಮಾಡದೆ ಆರೋಪ ಹೊತ್ತು ಮನೆ ಬಿಟ್ಟ ಸೊಸೆ, ಎಷ್ಟೋ ವರ್ಷದ ಮೇಲೆ ತಗಡಿನ ಟ್ರಂಕು ಹಿಡಿದು ವಾಪಸ್ ಬರುತ್ತಾಳೆ. ಹಿತ್ತಾಳೆ ಬಳೆಯಿದ್ದ ಬಾಗಿಲ ಮುಂದೆ ನಿಂತು ಕೈ ಎತ್ತುತ್ತಾಳೆ… ಅಷ್ಟು ಹೊತ್ತಿಗೆ ಮುಕ್ಕಾಲು. ಕೊನೆಯವರೆಗೆ ಕೂತ ಗೆಳತಿಯರಲ್ಲಿ ಒಬ್ಬರು ಅತ್ತೆ ಬಾಗಿಲು ತೆಗೆದಳು ಎಂದರು, ಇನ್ನೊಬ್ಬರು ಸೊಸೆಯೇ ತಿರುಗಿ ಹೋದಳು ಎಂದರು.

"ಅವರಿಬ್ರೂ ಜಗಳ ಆಡ್ಕೊಂಡ್ರೇ ಹೊರ್ತು ನಂಗೆ ಗೊತ್ತಾಗ್ಲೇ ಇಲ್ಲ. ನಲವತ್ತು ವರ್ಷ ಆಯ್ತು. ಒಗ್ಗರಣೆ ಹಾಕ್ತಾ ಇರ್ತೀನಿ, ಇದ್ದಕ್ಕಿದ್ದಂಗೆ ಅನ್ಸತ್ತೆ, ಆ ಬಾಗ್ಲು ತೆಗೆದ್ರೋ ಇಲ್ವೋ ಅಂತ."

ಹುಡುಕಲು ಒಂಬತ್ತು ದಿನ ಹಿಡಿಯಿತು. ಹದಿನಾರನೇ ದಿನ ಅಂತರ್ಜಾಲದಲ್ಲಿ ಆ ಹಿತ್ತಾಳೆ ಬಳೆ ಕಣ್ಣಿಗೆ ಬಿತ್ತು. ಅಲ್ಲಿಂದ ಮುಂದೆ ನೋಡದೆ ನಿಲ್ಲಿಸಿದೆ. ಎರಡು ಗಂಟೆ ಇಪ್ಪತ್ತೈದು ನಿಮಿಷದ ಸಿನಿಮಾ. ಕೊನೆಯನ್ನಷ್ಟೇ ತೋರಿಸಲೇ ಎಂದು ಕೇಳಿದೆ. "ಸಾರು, ಪಲ್ಯ ಏನೂ ಇಲ್ದೆ ಬರೀ ಮಜ್ಜಿಗೆ ಅನ್ನ ತಿನ್ನು ಅಂತೀಯಲ್ಲ" ಎಂದರು. ಎರಡು ಗಂಟೆಗೇ ಹಾಕುತ್ತೇನೆ ಎಂದರೆ, "ಅವರು ಮಲಗದೆ ಹೆಂಗೆ ಬರ್ಲಿ?" ಎಂದರು.

ಲೆಕ್ಕ ಹಾಕಿದೆ. ಎರಡೂವರೆಗೆ ಶುರುವಾದರೆ ನಾಲ್ಕು ಐವತ್ತೈದಕ್ಕೆ ಮುಗಿಯುತ್ತದೆ. ಟೈಂಪೀಸ್ ಮುಕ್ಕಾಲು ತೋರಿಸುವಾಗ ನಿಜವಾದ ಹೊತ್ತು ನಾಲ್ಕು ಮೂವತ್ತೈದು. ಇಪ್ಪತ್ತು ನಿಮಿಷದ ಕೊರತೆ.

ಹದಿನೇಳನೇ ದಿನ ಆ ಸಿನಿಮಾ ಹಾಕಿದೆವು. ಮಧ್ಯದಲ್ಲಿ ಹಾಡು ಬಂದಾಗ ಅಮ್ಮ ಇಂಟರ್‌ವಲ್ ಎಂದು ಕೂಗಿ ಅವಲಕ್ಕಿ ಒಗ್ಗರಣೆಗೆ ಒಳಗೆ ಹೋದಳು, ಅಜ್ಜಿ ಹಿಂದೆಯೇ ಹೋದರು. ನಾನು ಟೈಂಪೀಸ್ ಎತ್ತಿಕೊಂಡು ಮುಳ್ಳನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ತಿರುಗಿಸಿ ಇಟ್ಟೆ.

ಸೊಸೆ ಟ್ರಂಕು ಹಿಡಿದು ಬೀದಿ ತಿರುಗಿದಳು. ಅಜ್ಜಿ ಟೈಂಪೀಸ್ ನೋಡಿದರು, ಇನ್ನೂ ಹೊತ್ತಿದೆ ಎಂದು ಮುಂದಕ್ಕೆ ಬಾಗಿ ಕೂತರು. ಸೊಸೆ ಕೈ ಎತ್ತಿದಳು. ಅದೇ ಹೊತ್ತಿಗೆ ನಮ್ಮ ಮನೆಯ ಬಾಗಿಲು ತಟ್ಟಿದ ಸದ್ದಾಯಿತು.

ಹೊರಗೆ ತಾತ, ಕೈಯಲ್ಲಿ ಫ್ಲಾಸ್ಕ್.

"ಬೇಗ ಎಚ್ಚರ ಆಯ್ತು, ನಾಲ್ಕೂ ಮುಕ್ಕಾಲಾದ್ರೂ ನೀನು ಬರ್ಲಿಲ್ಲ. ಸರಿ, ಇವತ್ತು ಪೂರ್ತಿ ನೋಡ್ತಿದಾಳೆ ಅಂತ ನಾನೇ ಕಾಫಿ ಮಾಡ್ದೆ. ಸಕ್ಕರೆ ಜಾಸ್ತಿ ಆಗಿದೆ."

"ಇವತ್ತು ಅಂದ್ರೆ?" ಅಜ್ಜಿ ಎದ್ದು ನಿಂತಿದ್ದರು.

"ಯಾವತ್ತೂ ಅರ್ಧಕ್ಕೆ ಓಡಿ ಬರ್ತಿದ್ದೆಯಲ್ಲ ಟಾಕೀಸಿಂದ. ಒಂದಿನ ರೋಡ್ ಆಚೆಯಿಂದ ನೋಡ್ದೆ. ಎಲ್ಲಾದ್ರೂ ಬಿದ್ಗಿದ್ದೀಯ ಅಂತ ಅವತ್ತಿಂದ ಟೋಲ್‌ಗೇಟ್ ಹತ್ರ ನಿಂತು ಟೀ ಕುಡ್ದು, ಹತ್ತು ನಿಮಿಷ ಬಿಟ್ಟು ಬರ್ತಿದ್ದೆ."

ಅಮ್ಮ ಕಣ್ಣೊರೆಸಿಕೊಂಡಳು. ಅಜ್ಜಿಗೆ ಬಂದದ್ದು ಸಿಟ್ಟು.

"ಗೊತ್ತಿದ್ರೆ ಬಾಯಿ ಬಿಟ್ಟು ಹೇಳೋಕೇನಾಗಿತ್ರೀ? ಎಷ್ಟು ಸಿನಿಮಾದ ಕೊನೆ ಹೋಯ್ತು ನಂದು!"

ಇತ್ತ ತಿರುಗಿದಾಗ ಪರದೆಯ ಮೇಲೆ 'ಶುಭಂ' ಎಂದಿತ್ತು. ಅಮ್ಮ, ನಾನು ಇಬ್ಬರೂ ಬಾಗಿಲ ಕಡೆ ನೋಡುತ್ತಿದ್ದೆವು, ಅಪ್ಪ ಮಲಗಿದ್ದರು. ಸಿನಿಮಾದ ಬಾಗಿಲು ಏನಾಯಿತೆಂದು ನಾಲ್ವರಲ್ಲಿ ಯಾರೂ ನೋಡಿರಲಿಲ್ಲ. ಹಿಂದಕ್ಕೆ ಎಳೆಯಲು ರಿಮೋಟ್ ಎತ್ತಿದೆ. "ಬೇಡ. ನಾಳೆ ಮೊದಲಿಂದ ಹಾಕು" ಎಂದು ಅಜ್ಜಿ ಇಳಿದು ಹೋದರು. ಸಕ್ಕರೆ ಜಾಸ್ತಿಯಾದ ಕಾಫಿಯನ್ನು ನಾವೇ ಕುಡಿದೆವು.

ಅವತ್ತು ಡೈರಿಯಲ್ಲಿ ಒಂದು ಕೂಡುವ ಲೆಕ್ಕವಿದೆ. ಅಜ್ಜಿ ಮುಂದಿಟ್ಟ ಹತ್ತು, ತಾತ ಕಾದ ಹತ್ತು. ಒಟ್ಟು ಇಪ್ಪತ್ತು. ಹೆಚ್ಚುಕಡಿಮೆ ಒಂದು ಸಿನಿಮಾದ ಕೊನೆಯಷ್ಟು.

ಮರುದಿನ ಇಬ್ಬರೂ ಬಂದರು. ತಾತನಿಗೆ ಕುರ್ಚಿ ಹಾಕಿದೆವು. ಅಜ್ಜಿ ಟೈಂಪೀಸ್ ನೋಡಿ, "ಇದಕ್ಕೂ ವಯಸ್ಸಾಯ್ತು, ಹಿಂದೆ ಬಿದ್ದಿದೆ. ಇಲ್ಲೇ ಇರ್ಲಿ ಬಿಡು" ಎಂದರು. ನಾನು ಸಿನಿಮಾ ಹಾಕಿದೆ.

ಸೊಸೆ ಮತ್ತೆ ಬೀದಿ ತಿರುಗಿದಳು, ಕೈ ಎತ್ತಿ ಬಾಗಿಲ ಮೇಲೆ ಇಟ್ಟಳು. ಒಳಗಿಂದ ಯಾರೂ ತೆಗೆಯಲಿಲ್ಲ, ಅವಳು ತಿರುಗಿಯೂ ಹೋಗಲಿಲ್ಲ. ಬಾಗಿಲು ತಾನೇ ತೆರೆದುಕೊಂಡಿತು.

"ಹಾಳಾದ್ದು, ಚಿಲಕಾನೇ ಹಾಕಿರ್ಲಿಲ್ಲ" ಎಂದರು ಅಜ್ಜಿ.

"ಅವಳು ಮೊದ್ಲೇ ತಳ್ಳಿ ನೋಡ್ಬೇಕಿತ್ತು" ಎಂದರು ತಾತ.

"ಒಳಗಿದ್ದೋರು ಕೂಗಿ ಹೇಳ್ಬೇಕಿತ್ತು."

ತಾತ ಕೆಮ್ಮಿದರು.

ಆಮೇಲೂ ಅಜ್ಜಿ ದಿನಾ ಬಂದರು, ಟೈಂಪೀಸಿನ ಕಡೆ ನೋಡದೆಯೇ ನಾಲ್ಕು ಮೂವತ್ತೈದಕ್ಕೆ ಎದ್ದು ಹೋದರು. ಏಕೆಂದು ಈ ಸಲ ಕೇಳಲಿಲ್ಲ. ಇಂಗ್ಲಿಷ್ ಪರೀಕ್ಷೆಯ ಸುದ್ದಿ ಬಂದ ದಿನ ಗೆರೆ ಎಳೆದು ಕೂಡಿದೆ. ಅಜ್ಜಿ ಜೊತೆ ನೋಡಿದ ಸಿನಿಮಾ ಮೂವತ್ತೆಂಟು. ಅವರು ಕೊನೆಯವರೆಗೆ ಕೂತದ್ದು ಒಂದು.

ಮರುವರ್ಷದ ಎರಡನೇ ಅಲೆಯಲ್ಲಿ ಕೆಳಗಿನ ಮನೆಯ ಇಬ್ಬರಿಗೂ ಜ್ವರ ಬಂತು. ತಾತನಿಗೆ ಮನೆಯಲ್ಲೇ ಇಳಿಯಿತು. ಅಜ್ಜಿಯನ್ನು ಕರೆದೊಯ್ಯಲು ಆಂಬುಲೆನ್ಸ್ ಬಂದಾಗ ನಾನು ಬಾಲ್ಕನಿಯಲ್ಲಿದ್ದೆ. ಬ್ಯಾಗ್ ಹಿಡಿದು ತಾವೇ ನಡೆದು ಹೋದರು, ಹತ್ತುವ ಮುಂಚೆ ತಲೆಯೆತ್ತಿ ಕೈ ಆಡಿಸಿದರು. ಸಂಜೆ ನಾಲ್ಕು ನಲವತ್ತು; ಬರೆದಿಟ್ಟಿದ್ದೇನೆ. ಎಂಟು ದಿನಗಳ ಮೇಲೆ ಆಸ್ಪತ್ರೆಯಿಂದ ತಾತನಿಗೆ ಫೋನ್ ಬಂತು, ಅಜ್ಜಿ ಹೋದರು ಎಂದು. ನಡುವಿನದ್ದನ್ನು ನಮ್ಮಲ್ಲಿ ಯಾರೂ ನೋಡಲಿಲ್ಲ.

ಮುಳ್ಳು ತಿರುಗಿಸಿದ್ದು ನಾನು ಎಂದು ಅಜ್ಜಿಗೆ ಹೇಳಬೇಕೆಂದು ಡೈರಿಯಲ್ಲಿ ನಾಲ್ಕು ಕಡೆ ಬರೆದಿದ್ದೇನೆ. ಅವತ್ತು ಹೇಳದೆ ಮಾಡಿದ್ದೆ. ಆಮೇಲೆ ಹೇಳಲು ಆಗಲಿಲ್ಲ…

ಭಾನುವಾರ ಟೈಂಪೀಸನ್ನು ಒರೆಸಿ, ಮೊಬೈಲ್ ನೋಡಿ ಹೊತ್ತು ಸರಿ ಮಾಡಿದೆ. ಆಮೇಲೆ ಮುಳ್ಳನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿ ಟಿ.ವಿ. ಪಕ್ಕದಲ್ಲಿಟ್ಟೆ. ಅದರಲ್ಲಿ ಐದೂ ಹತ್ತಾದಾಗ ಕೆಳಗಿನಿಂದ ಕಾಫಿಯ ವಾಸನೆ ಬಂತು. ತಾತ ಈಗ ತಾವೇ ಮಾಡಿಕೊಳ್ಳುತ್ತಾರೆ.