ಸಲಾಕೆ ಹಿಡಿದವನ ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಲ್ಲುಗಣಿಯ ತಳದಲ್ಲಿ ಹಿರಿಯರೊಬ್ಬರು ಬಂಡೆಯ ಮೇಲೆ ಕಾಲು ಅಗಲಿಸಿ ಕೂತು, ಎರಡೂ ಕೈಯಲ್ಲಿ ಕಬ್ಬಿಣದ ಸಲಾಕೆಯನ್ನು ನೆಟ್ಟಗೆ ಹಿಡಿದಿದ್ದಾರೆ. ಎದುರಿಗೆ ನಿಂತ ಗಟ್ಟಿಮುಟ್ಟಾದ ಆಸಾಮಿ ಸಮ್ಮಟಿಗೆಯನ್ನು ತಲೆಯ ಹಿಂದಿನಿಂದ ಬೀಸಿ ಸಲಾಕೆಯ ನೆತ್ತಿಗೆ ಬಿಡುತ್ತಾನೆ. ಏಟು ಬಿದ್ದ ಕೂಡಲೇ ಹಿರಿಯರು ಸಲಾಕೆಯನ್ನು ತುಸು ತಿರುಗಿಸುತ್ತಾರೆ, ತಿರುಗಿಸುತ್ತಲೇ ಹಾಡುತ್ತಾರೆ:

ಎತ್ತೋ ನನ್ನಣ್ಣ, ಸಿಡಿಲಗೈಯಣ್ಣ,
ಗುಡ್ಡದ ಎದೆಯೊಳಗೆ ದಾರಿ ಮಾಡಣ್ಣ.

ಈ ಹಾಡನ್ನು ನೀವು ಕೇಳಿರುತ್ತೀರಿ. ಶಾಲೆಯ ವೇದಿಕೆಗಳಲ್ಲಿ ಮಕ್ಕಳು ರಟ್ಟಿನ ಸಮ್ಮಟಿಗೆ ಹಿಡಿದು ಇದಕ್ಕೆ ಕುಣಿಯುತ್ತಾರೆ. ಮೂಟೆ ಹೊರುವವರು, ದೋಣಿ ಎಳೆಯುವವರು, ರಸ್ತೆಗೆ ಜಲ್ಲಿ ಹಾಕುವವರು ತಮ್ಮ ತಮ್ಮ ಕೆಲಸಕ್ಕೆ ತಕ್ಕಂತೆ ಇದರ ತಾಳ ಬದಲಾಯಿಸಿಕೊಂಡಿದ್ದಾರೆ. ಕೊರೆಯುವ ಯಂತ್ರದೊಂದಿಗೆ ಪಂತ ಕಟ್ಟಿ, ಗುಡ್ಡವನ್ನು ಕೈಯಲ್ಲೇ ಕೊರೆದು, ಸುರಂಗದ ಆಚೆ ಬದಿಯ ಬೆಳಕು ಕಂಡ ಕ್ಷಣ ಸಮ್ಮಟಿಗೆ ಹಿಡಿದೇ ಪ್ರಾಣ ಬಿಟ್ಟ ಸಿಡಿಲಗೈಯಣ್ಣನ ಕಥೆ ಅದು.

ಆದರೆ ಸಮ್ಮಟಿಗೆ ಬೀಸಬೇಕಾದರೆ ಕೆಳಗೆ ಸಲಾಕೆ ಹಿಡಿಯಲು ಒಬ್ಬನಿರಬೇಕಲ್ಲ? ಸಿಡಿಲಗೈಯಣ್ಣನಿಗೆ ಸಲಾಕೆ ಹಿಡಿದವರು ಇವರೇ. ಊರಿಗೆಲ್ಲ ಇವರು ‘ಸಲಾಕೆ ತಾತ’. ಹಾಡಿನಲ್ಲಿ ಮಾತ್ರ ಇವರ ಸುಳಿವೇ ಇಲ್ಲ.

ಎಲೆಮರೆಯ ಕಾಯಿಗಳ ಬಗ್ಗೆ ಬರೆಯುತ್ತೇನೆಂದು ಹೇಳಿದಾಗ ತಾತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಬರೀರಿ. ಎಲೆ ಯಾರು ಅಂತಾನೂ ಬರೀರಿ. ಅವನೇ, ನನ್ನ ಭಾವ.”

ಹೌದು, ಸಿಡಿಲಗೈಯಣ್ಣ ಇವರ ಹೆಂಡತಿಯ ಸ್ವಂತ ಅಣ್ಣ. ಈಗ ಸಮ್ಮಟಿಗೆ ಬೀಸುತ್ತಿರುವವನು ಆ ಅಣ್ಣನ ಮಗ. ಮನೆಯಲ್ಲಿ ಭಾವನ ಫೋಟೊ, ಕೆಲಸದಲ್ಲಿ ಭಾವನ ಮಗ, ಬಾಯಲ್ಲಿ ಭಾವನ ಹಾಡು. ಹೊಟ್ಟೆ ಉರಿಯದೆ ಇನ್ನೇನಾದೀತು? ಈ ವಿಷಯದಲ್ಲಿ ನನಗೂ ಅನುಭವ ಉಂಟು. ಪಕ್ಕದ ಮೇಜಿನವನ ಹೆಸರು ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ, ನನ್ನದನ್ನು ಹುಡುಕಲು ಕನ್ನಡಕ ಬೇಕು. ತಾತ ಮಾತಾಡತೊಡಗಿದರೆ ನನ್ನ ಮನಸ್ಸನ್ನೇ ಯಾರೋ ಓದಿ ಹೇಳಿದಂತಾಗುತ್ತದೆ.

ಗಣಿಯ ಅಂಚಿನವರೆಗೂ ಮನೆಗಳಿರುವುದರಿಂದ ಇಲ್ಲಿ ಸಿಡಿಮದ್ದು ಇಡುವಂತಿಲ್ಲ. ಸಾಲಾಗಿ ತೂತು ಕೊರೆದು, ಬೆಣೆ ಬಡಿದು ಕಲ್ಲು ಸೀಳಬೇಕು. ಕಣ್ಣಿಗೆ ಪುಡಿ, ಬೆನ್ನಿಗೆ ಬಿಸಿಲು, ಸಂಜೆ ಮೊಣಕೈಯಲ್ಲಿ ಇಳಿಯದ ನಡುಕ. ಈ ಕಸುಬಿನಲ್ಲಿ ಮುದುಕರಾದವರ ಕೈ ನೋಡಿದರೆ ಒಂದಲ್ಲ ಒಂದು ಬೆರಳು ಮೊಂಡಾಗಿರುತ್ತದೆ. ತಾತ ತಮ್ಮ ಎರಡೂ ಅಂಗೈ ಬಿಡಿಸಿ ತೋರಿಸುತ್ತಾರೆ. ಹತ್ತು ಬೆರಳೂ ನೆಟ್ಟಗಿವೆ.

“ಅವನ ಏಟು ಒಂದು ದಿನಾನೂ ತಪ್ಪಲಿಲ್ಲ. ಅದೇ ನನಗೆ ಉರಿ. ಒಂದು ಸಲ ತಪ್ಪಿದ್ರೆ ಬೈಕೊಂಡಾದ್ರೂ ಇರ್ತಿದ್ದೆ.”

ಏಟಿನ ತಾಳ ತಪ್ಪಬಾರದೆಂದೇ ಹಾಡು. ಹೊಡೆಯುವವನಿಗೆ ಹಾಡಲು ಉಸಿರಿರುವುದಿಲ್ಲ, ಹಾಡುವುದು ಸಲಾಕೆ ಹಿಡಿದವನ ಕೆಲಸ. ಅದಕ್ಕೊಂದು ಕಟ್ಟುಪಾಡಿದೆ. ಹಿಡಿದವನು ಹೊಡೆಯುವವನನ್ನೇ ಹೊಗಳಬೇಕು, ತನ್ನ ಸುದ್ದಿ ಎತ್ತಕೂಡದು. ಎತ್ತಿದರೆ ಹೊಡೆಯುವವನ ಕಣ್ಣು ಸಲಾಕೆಯ ನೆತ್ತಿ ಬಿಟ್ಟು ಹಿಡಿದವನ ಮುಖಕ್ಕೆ ಹೋಗುತ್ತದೆ, ಕಣ್ಣಿನ ಹಿಂದೆಯೇ ಸಮ್ಮಟಿಗೆಯೂ ಹೋಗುತ್ತದೆ ಎಂಬ ಭಯ.

ಅಂದಮೇಲೆ ಸಿಡಿಲಗೈಯಣ್ಣನ ಹಾಡು ಕಟ್ಟಿದವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

“ಪಂತ ಗೆದ್ದಿದ್ದು ನಿಜ” ಎನ್ನುತ್ತಾರೆ ತಾತ. “ಯಂತ್ರ ಬಿಸಿಯಾಗಿ ನಡುವೆ ಕೆಟ್ಟು ನಿಂತಿತ್ತು, ಅದನ್ನ ನಾನು ಹಾಡಿಗೆ ಸೇರಿಸ್ಲಿಲ್ಲ. ಬೆಳಕು ಕಂಡದ್ದೇ ತಡ, ಜನ ಅವನನ್ನ ಹೆಗಲ ಮೇಲೆ ಹೊತ್ಕೊಂಡು ಹೋದ್ರು. ನಾನು ಸುರಂಗದಲ್ಲಿ ಒಬ್ಬನೇ ಸಲಾಕೆ ಆಯ್ಕೋತಾ ಇದ್ದೆ. ಸಿಟ್ಟು ಬಂತು. ಸಂಜೆ ಹಾಡು ಅಂದ್ರು. ಹಾಡಿದೆ. ಕೊನೇಲಿ ಅವನನ್ನ ಸಾಯಿಸಿಬಿಟ್ಟೆ.”

ಆಚೆಯ ಬೆಳಕು ಈಚೆಗೆ ಬಂತೋ,
ಸಮ್ಮಟಿಗೆ ನಿಂತಿತೋ, ಉಸಿರೂ ನಿಂತಿತೋ.

ಬದುಕಿದ್ದವನ ಎದುರಿಗೇ ಅವನ ಸಾವು ಹಾಡಿದರೆ ಮುಖ ಕಪ್ಪಿಡುತ್ತದೆ ಎಂದುಕೊಂಡಿದ್ದರು ತಾತ. ಆದದ್ದೇ ಬೇರೆ. ಜನ ಗಳಗಳನೆ ಅತ್ತರು. ಭಾವ ತಾನೂ ಅತ್ತು, “ಇನ್ನೊಂದು ಸಲ ನಾನು ಸಾಯೋದನ್ನ ಹಾಡೋ” ಎಂದು ಬೆನ್ನು ತಟ್ಟಿದ. ಹಾಡು ಕಾಲು ಬಂದ ಹಾಗೆ ಊರೂರು ಸುತ್ತಿತು. ಭಾವ ಎಷ್ಟೋ ವರ್ಷಗಳ ನಂತರ, ತಂಗಿಯ ಮನೆಯ ಹಾಸಿಗೆಯಲ್ಲಿ, ಜ್ವರ ಬಂದು ತೀರಿಕೊಂಡ. ಅದು ಯಾರಿಗೂ ಬೇಕಿಲ್ಲ.

“ಹೊಟ್ಟೆಕಿಚ್ಚಿಗೆ ಸಾಯಿಸಿದೆ. ನೋಡಿದ್ರೆ ಅವನು ಸಾಯೋದೇ ಇಲ್ಲ ಈಗ.”

ಮನೆಯಲ್ಲೂ ಅದೇ ಪಾಡು. ಉಸಿರು ನಿಲ್ಲುವ ಆ ಸಾಲು ಬಂದಾಗಲೆಲ್ಲ ಹೆಂಡತಿ ಕಣ್ಣೊರೆಸಿಕೊಳ್ಳುತ್ತಾರೆ, ಒರೆಸಿಕೊಂಡು “ಇನ್ನೊಂದು ಸಲ ಹಾಡ್ರಿ” ಎನ್ನುತ್ತಾರೆ. ಅಣ್ಣನಂಥ ಗಂಡಸು ಇನ್ನೊಬ್ಬನಿಲ್ಲ ಎಂಬುದು ಆಕೆಯ ತೀರ್ಪು. ಗಂಡ ಅಲ್ಲೇ ಕೂತಿರುತ್ತಾರೆ ಎಂಬುದು ಆಕೆಗೆ ಅಡ್ಡಿಯಲ್ಲ.

ಇಷ್ಟನ್ನೂ ನುಂಗಿಕೊಂಡಿದ್ದ ತಾತನನ್ನು ಕೆಣಕಿದ್ದು ರೇಡಿಯೊ. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದಾಗ ಪೇಟೆಯ ಗಾಯಕಿಯೊಬ್ಬರು, “ಇದನ್ನು ಯಾರೂ ಕಟ್ಟಿದ್ದಲ್ಲ, ಜನರ ಬಾಯಲ್ಲಿ ತಾನಾಗಿ ಹುಟ್ಟಿದ್ದು” ಎಂದರಂತೆ. ತಾತ ಉಳಿದರ್ಧ ಗಡ್ಡದೊಂದಿಗೇ ಬಸ್ಸು ಹತ್ತಿ ಆಕೆಯನ್ನು ಹುಡುಕಿಕೊಂಡು ಹೋದರು. ಗಾಯಕಿ ಒಳ್ಳೆಯ ಹೆಣ್ಣುಮಗಳು. ಮುಂದಿನ ದೊಡ್ಡ ಕಾರ್ಯಕ್ರಮದಲ್ಲಿ ಸಲಾಕೆ ಹಿಡಿದವನಿಗೂ ಒಂದು ಸಾಲು ಹಾಡುತ್ತೇನೆ, ಆ ಸಾಲು ನೀವೇ ಕೊಡಿ, ನಾನೇ ಗಣಿಗೆ ಬಂದು ಕಲಿಯುತ್ತೇನೆ ಎಂದರು.

ಅವರು ಬರುವುದು ಇವತ್ತು. ವಾರವಿಡೀ ತಾತ ಸಾಲು ಹೊಸೆದಿದ್ದಾರೆ. ‘ಸಲಾಕೆ ಹಿಡಿದವ ಸಾಮಾನ್ಯನಲ್ಲ’ ಎಂದು ಶುರು ಮಾಡಿದರೆ ಹೆಂಡತಿ, “ಸಾಮಾನ್ಯರೇ ಹಾಗೆ ಹೇಳ್ಕೊಳ್ಳೋದು” ಎಂದು ಒಲೆಯ ಕಡೆ ತಿರುಗಿದ್ದಾರೆ. ಕೊನೆಗೂ ಒಂದು ಸಾಲು ಕೂಡಿಬಂದಿದೆಯಂತೆ. ನನಗೂ ಹೇಳಲಿಲ್ಲ.

ಗಾಯಕಿ ಬಂದು ಬಂಡೆಯ ಪಕ್ಕ ಕೂರುತ್ತಾರೆ. ಹೆಂಡತಿಯೂ ಟೀ ಫ್ಲಾಸ್ಕ್ ಹಿಡಿದು ಇಳಿದು ಬರುತ್ತಾರೆ. ಭಾವನ ಮಗನಾದ ಅಳಿಯ ಸಮ್ಮಟಿಗೆ ಎತ್ತುತ್ತಾನೆ, ತಾತ ಹಾಡುತ್ತಾರೆ. ಹೊಸ ಸಾಲಿನ ಜಾಗ ಬಂತು. ತಾತನ ಬಾಯಿಂದ ಹೊರಗೆ ಬಂದದ್ದು ‘ಸಿಡಿಲಗೈಯಣ್ಣ’.

ಮತ್ತೆ ಶುರು ಮಾಡಿದರು. ಮತ್ತೆ ಭಾವನೇ ಬಂದ.

“ಸಲಾಕೆ ಕೈಲಿದ್ದಾಗ ನನ್ನ ಸುದ್ದಿ ಬಾಯಿಗೆ ಬರೋಲ್ಲ ತಾಯಿ” ಎಂದರು ತಾತ, ನೆಲ ನೋಡುತ್ತ.

“ಸಲಾಕೆ ಕೆಳಗಿಟ್ಟು ಹಾಡಿ.”

“ಇಟ್ರೆ ಹಾಡೇ ಬರೋಲ್ಲ.”

ಇಷ್ಟು ವರ್ಷದ ಆಸೆ ಬಾಯಿ ತನಕ ಬಂದು ಹಿಂದಿರುಗಿತಲ್ಲ ಎಂದು ನನಗೂ ಸಂಕಟವಾಯಿತು. ಆಗ ಅಳಿಯ ಸಮ್ಮಟಿಗೆಯ ಹಿಡಿಯನ್ನು ತಾತನ ಕಡೆ ತಿರುಗಿಸಿದ. “ಮಾವ, ನೀವು ಹೊಡೀರಿ. ನಾನು ಹಿಡೀತೀನಿ.”

ತಾತ ಬೇಡವೆನ್ನುವ ಮೊದಲೇ ಅವನು ಸಲಾಕೆ ಹಿಡಿದು ಕೂತೂ ಆಗಿತ್ತು. ಸಮ್ಮಟಿಗೆ ಮೇಲೇರಿತು, ತುಸು ಓಲಾಡಿತು, ಸಲಾಕೆಯ ನೆತ್ತಿಗೇ ಬಿತ್ತು. ಹಿಡಿದವನು ಹೊಡೆಯುವವನನ್ನು ಹೊಗಳಲೇಬೇಕು:

ಎತ್ತೋ ನನ್ನ ಮಾವ, ಸಿಡಿಲಗೈ ಮಾವ,
ಗುಡ್ಡದ ಎದೆಯೊಳಗೆ ದಾರಿ ಮಾಡೋ ಮಾವ.

ತಾತನ ಕಿವಿ ಕೆಂಪಾಯಿತು. ಏಟು ಮೆಲ್ಲಗೆ ಬೀಳುತ್ತಿದೆ, ಆದರೆ ತಪ್ಪುತ್ತಿಲ್ಲ. ಪಂತ ಕಟ್ಟಿದವನು ಮಾವ, ಯಂತ್ರ ಸೋಲಿಸಿದವನು ಮಾವ, ಗುಡ್ಡ ನಡುಗಿಸಿದವನೂ ಮಾವನೇ. ಗಾಯಕಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಾರೆ. ಹಾಡು ತನ್ನ ದಾರಿ ಹಿಡಿದು ಸುರಂಗದ ಕೊನೆಗೆ ಬಂತು.

ಆಚೆಯ ಬೆಳಕು ಈಚೆಗೆ ಬಂತೋ...

“ಸಾಕು, ನಿಲ್ಸೋ” ಎಂದರು ತಾತನ ಹೆಂಡತಿ.

ಸಮ್ಮಟಿಗೆ ಅರ್ಧಕ್ಕೇ ಇಳಿಯಿತು. “ಇನ್ನೊಂದೇ ಸಾಲು ಅತ್ತೆ” ಎಂದ ಅಳಿಯ.

“ಆ ಸಾಲು ಬೇಡ. ಟೀ ಆರ್ತಿದೆ.”

ಆಕೆ ಲೋಟಕ್ಕೆ ಟೀ ಬಗ್ಗಿಸಿ ಮೊದಲು ಗಂಡನ ಕೈಗೆ ಕೊಟ್ಟರು. ಅತಿಥಿಯಾದ ಗಾಯಕಿಗೆ ಆಮೇಲೆ, ನನಗೆ ಕೊನೆಗೆ.

ಗಾಯಕಿ ಫೋನು ಮುಂದೆ ಹಿಡಿದು, “ತಾತ, ನಿಮ್ಮ ಸಾಲು?” ಎಂದು ನೆನಪಿಸುತ್ತಾರೆ.

“ಬೇಡ ತಾಯಿ. ಹಾಡು ಇದ್ದ ಹಾಗೇ ಇರ್ಲಿ. ಅವನೇ ಇರ್ಲಿ ಅದ್ರಲ್ಲಿ.”

ಗಾಯಕಿಯನ್ನು ಬಸ್ಸಿಗೆ ಬಿಡಲು ಅಳಿಯ ಹೋಗಿದ್ದಾನೆ. ಹೆಂಡತಿ ಲೋಟ ತೊಳೆಯುತ್ತಿದ್ದಾರೆ. ತಾತ ನನ್ನ ಪಕ್ಕಕ್ಕೆ ಸರಿದು, ಆಕೆಗೆ ಕೇಳದಂತೆ ಹೇಳುತ್ತಾರೆ: “ಅವಳಣ್ಣ ಆ ಸಾಲಲ್ಲಿ ಎಷ್ಟು ಸಲ ಸತ್ತ. ಒಂದು ಸಲಾನಾದ್ರೂ ತಡೆದ್ಲಾ? ಇನ್ನೊಂದು ಸಲ ಹಾಡ್ರಿ ಅಂತಿದ್ಲು.” ಟೀ ಮುಗಿದ ಲೋಟವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಾರೆ. “ನನ್ನನ್ನ ಸಾಯೋಕೆ ಬಿಡ್ಲಿಲ್ಲ ನೋಡಿ. ಅದನ್ನ ಬರೀರಿ. ದಪ್ಪಕ್ಷರದಲ್ಲಿ ಹಾಕ್ಸಿ.”